ಪಾವಟಿಗೆಯ ಮುಂದೆ ಕ್ಯಾಮೆರಾ

ಮೊಬೈಲುಗಳಲ್ಲಿ ಹರಿದಾಡುವ ಫೋಟೋಗಳನ್ನೇ ನಂಬಿದರೆ ನಮ್ಮ ಸೀಮೆಯಲ್ಲಿ ಮೆಟ್ಟಿಲುಗಳಿರುವುದು ಎರಡೇ ಕಡೆ. ಒಂದು ಹಂಪಿಯ ರಾಜಾಂಗಣದ ಪುಷ್ಕರಣಿ, ಇನ್ನೊಂದು ಆನೆಗೊಂದಿ ಹತ್ತಿರದ ಅಂಜನಾದ್ರಿ. ಮೊದಲನೆಯದನ್ನು ಎಲ್ಲರೂ ದಂಡೆಯ ಮೇಲೆ ನಿಂತು ಕೆಳಮುಖವಾಗಿ ತೆಗೆಯುತ್ತಾರೆ, ಚೌಕದೊಳಗೆ ಚೌಕ ಮೂಡುವಂತೆ. ಎರಡನೆಯದನ್ನು ಬುಡದಲ್ಲಿ ನಿಂತು ಮೇಲ್ಮುಖವಾಗಿ ತೆಗೆಯುತ್ತಾರೆ, ಸುಣ್ಣ ಬಳಿದ ಸಾಲು ಬಂಡೆಗಳ ನಡುವೆ ಏರಿ ಹೋಗುವಂತೆ. ಎರಡೂ ಚೆಂದವೇ. ಆದರೆ ಮಸ್ಕಿ, ಲಿಂಗಸುಗೂರು, ಸಿಂಧನೂರುಗಳ ನಡುವಿನ ಸಂತೆಕಲ್ಲೂರಿನಂಥ ಊರಿನಲ್ಲಿ ಬೆಳಗಿನಿಂದ ಬೈಗಿನತನಕ ಜನ ಹತ್ತಿ ಇಳಿಯುವ ಪಾವಟಿಗೆಗಳ ಕಡೆಗೆ ಯಾರೂ ಕ್ಯಾಮೆರಾ ತಿರುಗಿಸುವುದಿಲ್ಲ. ಮಠದ ಮೆಟ್ಟಿಲು, ಮಾಳಿಗೆಯ ಮೆಟ್ಟಿಲು, ಬಾವಿಯ ಮೆಟ್ಟಿಲು, ಕಾಲುವೆಯ ಮೆಟ್ಟಿಲು, ಪಂಚಾಯ್ತಿ ಕಚೇರಿಯ ಮೆಟ್ಟಿಲು ಯಾವುದೂ ಫೋಟೋಕ್ಕೆ ತಕ್ಕದ್ದೆಂದು ನಮಗೆ ತೋರುವುದಿಲ್ಲ.

ಮೆಟ್ಟಿಲಿನ ಫೋಟೋ ಅಂದರೆ ಯಾವುದರ ಫೋಟೋ? ಕಲ್ಲಿನ ಲೆಕ್ಕಾಚಾರದ್ದೋ, ಆ ಕಲ್ಲನ್ನು ತುಳಿದವರದ್ದೋ? ಇವತ್ತು ಚಾಲ್ತಿಯಲ್ಲಿರುವ ಬಹುಪಾಲು ಚಿತ್ರಗಳು ಮೊದಲನೆಯದನ್ನು ಆರಿಸಿಕೊಂಡಿವೆ. ಎರಡನೆಯದು ನಮಗೆ ಹೆಚ್ಚು ಬೇಕಾದದ್ದು, ಅದರಲ್ಲೂ ರಾಯಚೂರು ಜಿಲ್ಲೆಗೆ ತುರ್ತಾಗಿ ಬೇಕಾದದ್ದು ಎಂಬುದು ನನ್ನ ಖಚಿತ ಅಭಿಪ್ರಾಯ.

ಛಾಯಾಗ್ರಹಣದ ಚರಿತ್ರೆಯಲ್ಲಿ ಈ ಎರಡೂ ದಾರಿಗಳು ಮೊದಲಿನಿಂದ ಇವೆ. ಇಂಗ್ಲೆಂಡಿನ ಫ್ರೆಡರಿಕ್ ಇವಾನ್ಸ್ 1903ರಲ್ಲಿ ವೆಲ್ಸ್ ಕೆಥೆಡ್ರಲ್‌ನ ಒಳಗಿನ ಮೆಟ್ಟಿಲುಗಳನ್ನು ತೆಗೆದು, ಆ ಚಿತ್ರಕ್ಕೆ ಮೆಟ್ಟಿಲುಗಳ ಸಮುದ್ರ ಎಂಬರ್ಥದ ಹೆಸರಿಟ್ಟ. ಶತಮಾನಗಳ ಕಾಲ ಜನ ತುಳಿದು ಕಲ್ಲು ನಡುವೆ ತಗ್ಗಾಗಿ, ಅಂಚುಗಳು ಅಲೆಯಂತೆ ಬಾಗಿದ್ದವು. ಚಿತ್ರದಲ್ಲಿ ಒಬ್ಬ ಮನುಷ್ಯನೂ ಇಲ್ಲ, ಆದರೂ ಅದು ಪೂರ್ತಿ ಮನುಷ್ಯರದೇ ಚಿತ್ರ. ರಷ್ಯಾದ ರೋಡ್ಚೆಂಕೊ 1920ರ ದಶಕದ ಕೊನೆಗೆ ತೆಗೆದ ಪ್ರಸಿದ್ಧ ಚಿತ್ರದಲ್ಲಿ ಮಗುವನ್ನೆತ್ತಿಕೊಂಡ ಹೆಂಗಸೊಬ್ಬಳು ಓರೆಯಾದ ಮೆಟ್ಟಿಲು ಹತ್ತುತ್ತಾಳೆ. ಅಲ್ಲಿ ಗೆಲ್ಲುವುದು ಬಿಸಿಲು ನೆರಳಿನ ಪಟ್ಟೆಗಳು. ಫ್ರಾನ್ಸಿನ ಕಾರ್ತಿಯೆ ಬ್ರೆಸೋನ್ 1932ರಲ್ಲಿ ಇಯೇರ್ ಪಟ್ಟಣದಲ್ಲಿ ಸುರುಳಿ ಮೆಟ್ಟಿಲಿನ ಮೇಲಿನಿಂದ ಕ್ಯಾಮೆರಾ ಹಿಡಿದು, ಕೆಳಗಿನ ಬೀದಿಯಲ್ಲಿ ಸೈಕಲ್ ಸವಾರನೊಬ್ಬ ಹಾದುಹೋಗುವ ಗಳಿಗೆಯನ್ನು ಹಿಡಿದ. ಚೌಕಟ್ಟು ಕಲ್ಲಿನದು, ಜೀವ ಸವಾರನದು. ಮೂವರಲ್ಲಿ ಆರಿಸು ಅಂದರೆ ನಾನು ಇವಾನ್ಸ್‌ನ ಪರ. ನಮ್ಮ ಗುಡಿ, ಕೋಟೆ, ಬಾವಿಗಳ ಕಲ್ಲಿಗೆ ಅವನ ಕಣ್ಣೇ ಸರಿಹೊಂದುತ್ತದೆ.

ಕಲ್ಲು ಸವೆಯುವ ಬಗೆ ಎಲ್ಲ ಕಡೆ ಒಂದೇ ಅಲ್ಲ. ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಬಂಡೆಯನ್ನೇ ಕಡಿದ ಮೆಟ್ಟಿಲುಗಳ ಮೇಲೆ ಜನ ಬರಿಗಾಲಿನಲ್ಲಿ ಏರುತ್ತಾರೆ. ಚಪ್ಪಲಿ ತುಳಿದ ಕಲ್ಲು ಗೀರಿಕೊಳ್ಳುತ್ತದೆ, ಬರಿಗಾಲು ತುಳಿದ ಕಲ್ಲು ಮಿರುಗುತ್ತದೆ. ಕೋಟೆಯ ಮೆಟ್ಟಿಲುಗಳಲ್ಲಿ ಸವೆತ ಕಡಿಮೆ, ಅಂಚು ಮುಕ್ಕಾಗಿರುವುದೇ ಹೆಚ್ಚು. ಬಾವಿಯ ಮೆಟ್ಟಿಲಿನಲ್ಲಿ ಸವೆತ ಎರಡು ಕಡೆ ಕಾಣುತ್ತದೆ: ಕಾಲಿಡುವ ನಡುಭಾಗ, ಮತ್ತು ಕೊಡ ಇಳಿಸಿ ಇಡುತ್ತಿದ್ದ ಜಾಗದಲ್ಲಿ ಬಿದ್ದ ದುಂಡನೆಯ ತಗ್ಗು. ಈ ತಗ್ಗುಗಳು ನಡುಹಗಲಿನ ಬಿಸಿಲಿನಲ್ಲಿ ಕಾಣುವುದಿಲ್ಲ. ನಮ್ಮ ಕಡೆಯ ಸೂರ್ಯ ನೆತ್ತಿಗೆ ಬಂದರೆ ಕಲ್ಲು ಬಿಳುಚಿ ಸಪಾಟಾಗಿಬಿಡುತ್ತದೆ. ಬೆಳಿಗ್ಗೆ ಏಳರ ಒಳಗೆ ಅಥವಾ ಸಂಜೆ ಐದರ ಮೇಲೆ, ಬಿಸಿಲು ಓರೆಯಾಗಿ ಬೀಳುವಾಗ, ಮೆಟ್ಟಿಲಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಕ್ಯಾಮೆರಾವನ್ನು ಮೊಣಕಾಲಿನ ಎತ್ತರಕ್ಕೆ ತಂದರೆ ಪ್ರತಿ ತಗ್ಗಿನಲ್ಲೂ ನೆರಳು ತುಂಬಿಕೊಳ್ಳುತ್ತದೆ. ಎದ್ದು ನಿಂತು ಮೇಲಿನಿಂದ ತೆಗೆದರೆ ಅದೇ ಮೆಟ್ಟಿಲು ಬರೀ ಗೆರೆಗಳ ಸಾಲಾಗುತ್ತದೆ, ಏಕೆಂದರೆ ಮೇಲಿನಿಂದ ನೋಡುವವನಿಗೆ ಮೆಟ್ಟಿಲುಗಳ ಎತ್ತರ ಕಾಣುವುದಿಲ್ಲ, ಅಗಲ ಮಾತ್ರ ಕಾಣುತ್ತದೆ. ಹತ್ತುವವರ ದಮ್ಮು ಗೊತ್ತಾಗಬೇಕಾದರೆ ಕೆಳಗಿನಿಂದಲೇ ತೆಗೆಯಬೇಕು.

ಇನ್ನು ಬಾವಿಯ ಮಾತು. ಇದನ್ನು ನಿಧಾನವಾಗಿಯೇ ಹೇಳಬೇಕು.

ಮೆಟ್ಟಿಲುಬಾವಿ ಅಂದ ಕೂಡಲೇ ದೇಶದ ಜನಕ್ಕೆ ಗುಜರಾತಿನ ರಾಣಿ ಕಿ ವಾವ್ ನೆನಪಾಗುತ್ತದೆ. 2014ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು, 2018ರಲ್ಲಿ ನೂರು ರೂಪಾಯಿ ನೋಟಿನ ಮೇಲೆ ಬಂತು. ರಾಜಸ್ಥಾನದ ಆಭಾನೇರಿಯ ಚಾಂದ್ ಬಾವಡಿಯನ್ನು ಸಿನಿಮಾದವರೇ ಪರಿಚಯ ಮಾಡಿಸಿಬಿಟ್ಟಿದ್ದಾರೆ. ನಮ್ಮಲ್ಲಿ ಲಕ್ಕುಂಡಿಯ ಮಾಣಿಕೇಶ್ವರ ಗುಡಿಯ ಮುಂದಿನ ಮುಸುಕಿನ ಬಾವಿ, ಸೂಡಿಯ ನಾಗಕುಂಡ, ಇಟಗಿಯ ಮಹಾದೇವ ದೇವಾಲಯದ ಪುಷ್ಕರಣಿ ಎಲ್ಲವೂ ಕಲ್ಯಾಣ ಚಾಳುಕ್ಯರ ಕಾಲದವು. ವಿಜಯಪುರದಲ್ಲಿ ಆದಿಲಶಾಹಿಗಳ ತಾಜ್ ಬಾವಡಿ, ಚಾಂದ್ ಬಾವಡಿಗಳಿವೆ. ಇವುಗಳ ಫೋಟೋಗಳಿಗೆ ಕೊರತೆಯಿಲ್ಲ. ಕೊರತೆ ಇರುವುದು ಹೆಸರಿಲ್ಲದ ಬಾವಿಗಳದು: ಹೊಲದ ಬದಿಯಲ್ಲಿ, ಹನುಮಪ್ಪನ ಗುಡಿಯ ಹಿಂದೆ, ಊರ ಅಗಸಿಯ ಹೊರಗೆ ಇರುವಂಥವು. ಕೆಲವಕ್ಕೆ ಅಗಲವಾದ ಪಾವಟಿಗೆಗಳಿರುತ್ತವೆ. ಕೆಲವಕ್ಕೆ ಗೋಡೆಯಿಂದ ಮೊಳದುದ್ದ ಚಾಚಿಕೊಂಡ ಬಿಡಿ ಕಲ್ಲುಗಳೇ ಮೆಟ್ಟಿಲು. ಕಲ್ಲಿನ ಒಂದು ತುದಿ ಗೋಡೆಯೊಳಗೆ ಹುದುಗಿರುತ್ತದೆ, ಇನ್ನೊಂದು ತುದಿ ಗಾಳಿಯಲ್ಲಿ. ಹಿಡಿಯಲು ಏನೂ ಇಲ್ಲ. ಅದರ ಮೇಲೆ ತಲೆಯ ಮೇಲೊಂದು, ಬಗಲಲ್ಲೊಂದು ಕೊಡ ಹೊತ್ತ ಹೆಂಗಸರು ಹತ್ತುತ್ತಿದ್ದರು. ಈ ಕಲ್ಲುಗಳ ತುದಿಯನ್ನು ಹತ್ತಿರದಿಂದ ತೆಗೆದ ಒಂದು ಫೋಟೋ ಇಡೀ ಬಾವಿಯ ಹತ್ತು ದೃಶ್ಯಗಳಿಗಿಂತ ಹೆಚ್ಚು ಹೇಳುತ್ತದೆ.

ಈ ಬಾವಿಗಳು ಯಾಕೆ ಬಿದ್ದುಹೋದವು ಎಂದು ಕೇಳಿದರೆ ಕೊಳವೆಬಾವಿ, ನಲ್ಲಿ ಅನ್ನುತ್ತಾರೆ. ಅದು ನಿಜ, ಆದರೆ ಪೂರ್ತಿ ನಿಜವಲ್ಲ. ರಾಯಚೂರು, ಕಲಬುರಗಿ ಕಡೆಯ ಹಿರಿಯರಿಗೆ ನಾರುಹುಣ್ಣು ಗೊತ್ತು. ಬಾವಿಯ ನೀರಿನಲ್ಲಿರುವ, ಬರಿಗಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಸೈಕ್ಲಾಪ್ಸ್ ಎಂಬ ಜೀವಿಯ ಹೊಟ್ಟೆಯಲ್ಲಿ ಈ ರೋಗ ತರುವ ಹುಳುವಿನ ಮರಿ ಇರುತ್ತದೆ. ನೀರು ಕುಡಿದವರ ಮೈಯಲ್ಲಿ ವರ್ಷದ ತನಕ ಬೆಳೆದು, ಕಾಲಿನಲ್ಲಿ ಗುಳ್ಳೆಯೆಬ್ಬಿಸಿ, ದಾರದಂಥ ಹುಳು ಹೊರಬರುತ್ತದೆ. ಒಂದು ಮೀಟರಿನವರೆಗೂ ಉದ್ದ. ಉರಿ ತಾಳಲಾರದೆ ರೋಗಿ ಕಾಲನ್ನು ನೀರಿನಲ್ಲಿ ಇಳಿಬಿಟ್ಟರೆ ಹುಳು ಅಲ್ಲಿಯೇ ಸಾವಿರಾರು ಮರಿ ಬಿಡುತ್ತದೆ. ಅಂದರೆ ಈ ರೋಗದ ದಾರಿಯೇ ಬಾವಿಯ ಮೆಟ್ಟಿಲು. ಜನ ನೀರಿಗೆ ಇಳಿಯುತ್ತಿರುವಷ್ಟು ಕಾಲ ರೋಗ ನಿಲ್ಲುವಂತಿರಲಿಲ್ಲ. 1983–84ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಮೆಟ್ಟಿಲುಬಾವಿಗಳಿಗೆ ಗೋಡೆ ಕಟ್ಟಿ ಸೇದುವ ಬಾವಿಗಳನ್ನಾಗಿ ಮಾಡಿದ್ದು, ಕೈಪಂಪು ಹಾಕಿಸಿದ್ದು, ಬಟ್ಟೆಯಲ್ಲಿ ನೀರು ಸೋಸುವುದನ್ನು ಮನೆಮನೆಗೆ ಹೋಗಿ ಕಲಿಸಿದ್ದು ಇದಕ್ಕಾಗಿಯೇ. ದೇಶದ ಕೊನೆಯ ರೋಗಿ ಕಂಡದ್ದು 1996ರಲ್ಲಿ ರಾಜಸ್ಥಾನದಲ್ಲಿ. 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣೀಕರಿಸಿತು.

ಹಾಗಾಗಿ ಮೆಟ್ಟಿಲಿಗೆ ಅಡ್ಡಗೋಡೆ ಕಟ್ಟಿದ ಬಾವಿ ಕಂಡರೆ ‘ಅಯ್ಯೋ, ಪರಂಪರೆ ಹಾಳಾಯಿತು’ ಎಂದು ಮುಖ ತಿರುಗಿಸಬಾರದು. ಆ ಗೋಡೆಯೂ ಚರಿತ್ರೆಯೇ. ಹಳೆಯ ಗಾರೆಯ ಮೇಲೆ ಕೂತ ಸಿಮೆಂಟು, ಅದರ ಹಿಂದೆ ಮುಚ್ಚಿಹೋದ ಪಾವಟಿಗೆಯ ಅಂಚು, ರಾಟೆ ಕಟ್ಟಿದ ಕಬ್ಬಿಣದ ಕಂಬ ಮೂರೂ ಒಂದೇ ಫ್ರೇಮಿನಲ್ಲಿ ಬಂದರೆ ಒಂದು ಊರು ರೋಗ ಗೆದ್ದ ಕತೆ ಅಲ್ಲಿರುತ್ತದೆ. ಮೆಟ್ಟಿಲುಬಾವಿಗಳ ಬಗ್ಗೆ ಪ್ರಪಂಚದ ಗಮನ ಸೆಳೆದ ವಿಕ್ಟೋರಿಯಾ ಲೌಟ್‌ಮನ್ ಅವರ 2017ರ ಸಚಿತ್ರ ಪುಸ್ತಕದಂಥವು ಬಹಳ ಉಪಕಾರ ಮಾಡಿವೆ. ಆದರೆ ಆ ಬಗೆಯ ಪುಸ್ತಕಗಳನ್ನು ನೋಡಿ ಬೆಳೆದ ಕಣ್ಣು ಚೆಂದದ ಬಾವಿಯನ್ನಷ್ಟೇ ಹುಡುಕುತ್ತದೆ. ನಮ್ಮ ಸೀಮೆಯ ಬಾವಿಯ ಕತೆ ಚೆಂದಕ್ಕಿಂತ ದೊಡ್ಡದು.

ಅದರಲ್ಲಿ ಇನ್ನೊಂದು ಕಹಿಯಾದ ಅಧ್ಯಾಯವೂ ಇದೆ. ಯಾರು ಈ ಮೆಟ್ಟಿಲು ಇಳಿಯಬಹುದಿತ್ತು, ಯಾರು ದಂಡೆಯ ಆಚೆ ಕೊಡ ಹಿಡಿದು ಮೇಲಿನಿಂದ ಯಾರಾದರೂ ಸುರಿಯಲಿ ಎಂದು ಕಾಯಬೇಕಿತ್ತು ಎಂಬುದು ಹಳ್ಳಿಹಳ್ಳಿಗೂ ಗೊತ್ತಿರುವ ಸಂಗತಿ. 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಗೆ ಅಂಬೇಡ್ಕರರು ಇಳಿದು ನೀರು ಮುಟ್ಟಿದ್ದು ಈ ಕಾರಣಕ್ಕೇ ಚರಿತ್ರೆಯಾಯಿತು. ಖಾಲಿ ಮೆಟ್ಟಿಲಿನ ಅಂದದ ಚಿತ್ರದಲ್ಲಿ ಈ ಮಾತು ಎಲ್ಲಿಯೂ ಕಾಣುವುದಿಲ್ಲ. ಅದಕ್ಕೇ ಫೋಟೋದ ಕೆಳಗೆ ನಾಲ್ಕು ಸಾಲು ಬರೆಯಬೇಕು, ಊರಿನ ಎಲ್ಲ ಕೇರಿಗಳ ಹಿರಿಯರನ್ನೂ ಕೇಳಿ ಬರೆಯಬೇಕು. ಒಂದೇ ಕೇರಿಯವರನ್ನು ಕೇಳಿದರೆ ಬಾವಿಯ ಅರ್ಧ ಕತೆ ಮಾತ್ರ ಸಿಗುತ್ತದೆ.

ಈಗ ನೀರಿನ ಮೆಟ್ಟಿಲು ಕಾಲುವೆಗೆ ಬಂದಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ಬದಿಯಲ್ಲಿ ಬಟ್ಟೆ ಒಗೆಯುವವರ ಫೋಟೋ ಸಿಂಧನೂರು ಕಡೆ ಯಾರು ಬೇಕಾದರೂ ತೆಗೆಯಬಹುದು. ತೆಗೆಯುವ ಮುಂಚೆ ಕೇಳಬೇಕು, ಅಷ್ಟೇ. ‘ಅವ್ವಾರ, ಒಂದು ಫೋಟೋ ತಗೀಲೇನ್ರಿ?’ ಅಂದರೆ ಬಹಳ ಮಂದಿ ಬೇಡ ಅನ್ನುವುದಿಲ್ಲ. ‘ಮಾರಿ ಬರಬಾರದು ನೋಡಪಾ, ಬೇಕಾದ್ರ ಅರಬಿ ತಗೋ’ ಎಂದು ಒಬ್ಬ ಹಿರಿಯ ಹೆಣ್ಣುಮಗಳು ಹೇಳಿದ್ದು ನನಗೆ ಒಳ್ಳೆಯ ಪಾಠವಾಯಿತು. ಅವರು ಹೇಳಿದಂತೆ ಕಲ್ಲಿನ ಮೇಲೆ ಬಡಿಯುವ ಬಟ್ಟೆ, ಸೋಪಿನ ನೊರೆ ಇಳಿಯುವ ಮೂರು ಮೆಟ್ಟಿಲು, ನೀರಿನಲ್ಲಿ ಅರ್ಧ ಮುಳುಗಿದ ಕಾಲು ಇಷ್ಟನ್ನೇ ತೆಗೆದಾಗ ಚಿತ್ರ ಮೊದಲು ನೆನೆಸಿದ್ದಕ್ಕಿಂತ ಗಟ್ಟಿಯಾಗಿ ಬಂತು. ನೀರಿನಲ್ಲಿ ಮುಳುಗಿರುವ ಮೆಟ್ಟಿಲಿನ ಮೇಲೆ ಪಾಚಿ ಇರುತ್ತದೆ, ಕಾಲುವೆಯ ಸೆಳೆತ ಜೋರು. ಫೋಟೋದ ಆಸೆಗೆ ಕೊನೆಯ ಮೆಟ್ಟಿಲಿಗೆ ಇಳಿಯಬಾರದು.

ಗುಡ್ಡ, ಕೋಟೆಗಳ ಮೆಟ್ಟಿಲುಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಅವಕ್ಕೆ ಪ್ರವಾಸಿಗರಿದ್ದಾರೆ. ಆದರೂ ನಮ್ಮ ಸುತ್ತಿನ ಎರಡು ಮೂರನ್ನು ಬಿಟ್ಟುಬಿಡಲಾಗದು. ಮಸ್ಕಿಯಲ್ಲಿ 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಂಡ ಶಾಸನದಿಂದಲೇ ‘ದೇವಾನಾಂಪ್ರಿಯ’ ಅಂದರೆ ಅಶೋಕನೇ ಎಂಬುದು ಗಟ್ಟಿಯಾದದ್ದು. ಆ ಬಂಡೆಯನ್ನು ನೋಡಲು ಬಂದವರು ಊರಿನ ಇನ್ನೊಂದು ಗುರುತಾದ ಮಲ್ಲಿಕಾರ್ಜುನನ ಬೆಟ್ಟದ ಮೆಟ್ಟಿಲುಗಳನ್ನು ನೋಡದೆ ಹೋಗುತ್ತಾರೆ. ಜನ ಎರಡನೆಯ ಶ್ರೀಶೈಲ ಅನ್ನುವ ಆ ಬೆಟ್ಟಕ್ಕೆ ಶ್ರಾವಣದಲ್ಲಿ ಬಂದು, ಕೆಳಗಿನಿಂದ ಮೇಲಕ್ಕೆ ಜನರ ಮುಖ ನೋಡುತ್ತಾ ಕೂತರೆ ಸಾಕು, ಹುಡುಕಿಕೊಂಡು ಹೋಗುವ ಕೆಲಸವಿಲ್ಲ. ಮುದಗಲ್ಲಿನ ಕೋಟೆಯ ಗೋಡೆಗೆ ಹತ್ತುವ ಮೆಟ್ಟಿಲುಗಳು ಬೇರೆ ಜಾತಿಯವು. ಈಗಿನ ಕಟ್ಟಡ ಸಂಹಿತೆ ಮನೆಯ ಮೆಟ್ಟಿಲಿನ ಎತ್ತರ 190 ಮಿಲಿಮೀಟರ್ ದಾಟಬಾರದು ಅನ್ನುತ್ತದೆ. ಕೋಟೆಯ ಮೆಟ್ಟಿಲು ಆ ಲೆಕ್ಕಕ್ಕೆ ಸಿಗುವುದಿಲ್ಲ, ಮೊಣಕಾಲೆತ್ತಿ ಇಡಬೇಕು. ಪಕ್ಕದಲ್ಲಿ ಒಬ್ಬ ಮನುಷ್ಯನನ್ನು ನಿಲ್ಲಿಸದೆ ತೆಗೆದರೆ ಆ ಎತ್ತರ ನೋಡುವವರಿಗೆ ತಿಳಿಯುವುದಿಲ್ಲ. ವಿಜಯಪುರದ ಉಪ್ಪಲಿ ಬುರುಜನ್ನು ಗಮನಿಸಿ: 1584ರಲ್ಲಿ ಹೈದರ್ ಖಾನ್ ಕಟ್ಟಿಸಿದ ಆ ದುಂಡನೆಯ ಬುರುಜಿನ ಹೊರಮೈಯನ್ನು ಸುತ್ತಿಕೊಂಡೇ ಮೆಟ್ಟಿಲು ಏರುತ್ತದೆ. ದೂರದಿಂದ ತೆಗೆದರೆ ಸುತ್ತು ಕಾಣುತ್ತದೆ, ಹತ್ತಿರದಿಂದ ತೆಗೆದರೆ ಎದೆ ಜಲ್ಲೆನ್ನುತ್ತದೆ. ನಮ್ಮ ಹಳ್ಳಿಗಳ ಕಾವಲು ಬುರುಜುಗಳಾದ ಹುಡೇವುಗಳು ಅದೇ ಕುಲದ ಬಡ ನೆಂಟರು, ಅವು ಒಂದೊಂದಾಗಿ ಉರುಳುತ್ತಿವೆ.

ಹಂಪಿಯ ಪುಷ್ಕರಣಿಗೆ ಮತ್ತೊಮ್ಮೆ ಬರುತ್ತೇನೆ, ಏಕೆಂದರೆ ಅಲ್ಲಿ ಎಲ್ಲರೂ ತೆಗೆದು ಯಾರೂ ನೋಡದ ಸಂಗತಿಯೊಂದಿದೆ. 1980ರ ದಶಕದ ಉತ್ಖನನದಲ್ಲಿ ಬೆಳಕಿಗೆ ಬಂದ ಆ ಕರಿಗಲ್ಲಿನ ಮೆಟ್ಟಿಲುಗಳ ಮೇಲೆ ಕಲ್ಲುಕುಟಿಗರು ಗುರುತು ಕೊರೆದಿದ್ದಾರೆ. ಯಾವ ದಿಕ್ಕಿನ, ಯಾವ ಸಾಲಿನ, ಎಷ್ಟನೆಯ ಕಲ್ಲು ಎಂಬುದರ ಗುರುತು. ಬೇರೆಲ್ಲೋ ಕಡೆದು ತಂದು ಇಲ್ಲಿ ಜೋಡಿಸಿದ್ದು ಅದರಿಂದ ಗೊತ್ತಾಗುತ್ತದೆ. ಚೌಕದೊಳಗಿನ ಚೌಕ ರಾಜರದ್ದಾದರೆ ಈ ಗುರುತು ಕೆಲಸಗಾರರದ್ದು. ಜೂಮ್ ಹಾಕಿ ಒಂದೇ ಕಲ್ಲನ್ನು ತೆಗೆಯುವ ತಾಳ್ಮೆ ಇದ್ದವರಿಗೆ ಅದು ಸಿಗುತ್ತದೆ. ಮುಕ್ಕಾಲಿ ಬಳಸಬೇಕಾದರೆ ಪುರಾತತ್ವ ಇಲಾಖೆಯ ಅನುಮತಿ ಬೇಕು, ಡ್ರೋನಿಗಂತೂ ಅನುಮತಿಯಿಲ್ಲದೆ ಕೈ ಹಾಕಬಾರದು.

ದೇವರ ಮೆಟ್ಟಿಲಿಗೆ ಮರ್ಯಾದೆಯೇ ಬೇರೆ. ಮೈಸೂರಿನ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳು ದೊಡ್ಡದೇವರಾಜ ಒಡೆಯರ ಕಾಲದವು, ಹದಿನೇಳನೆಯ ಶತಮಾನದವು. ಹರಕೆ ಹೊತ್ತ ಹೆಣ್ಣುಮಕ್ಕಳು ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಸಿನ ಕುಂಕುಮ ಹಚ್ಚುತ್ತಾ ಏರುತ್ತಾರೆ. ಆ ಬಗ್ಗಿದ ಬೆನ್ನನ್ನು ತೆಗೆಯಬಹುದು, ಅವರ ದಾರಿಗೆ ಅಡ್ಡ ನಿಂತು ತೆಗೆಯಬಾರದು. ಶಬರಿಮಲೆಯ ಹದಿನೆಂಟು ಮೆಟ್ಟಿಲುಗಳ ಮೇಲೆ 2024ರ ನವೆಂಬರಿನಲ್ಲಿ ಪೊಲೀಸರ ತಂಡವೊಂದು ಗುಡಿಗೆ ಬೆನ್ನು ಹಾಕಿ ಗ್ರೂಪ್ ಫೋಟೋ ತೆಗೆಸಿಕೊಂಡದ್ದಕ್ಕೆ ದೊಡ್ಡ ಆಕ್ಷೇಪ ಎದ್ದು, ಅವರನ್ನು ತರಬೇತಿಗೆ ಕಳಿಸಬೇಕಾಯಿತು. ನಮ್ಮ ಕಡೆಯಿಂದಲೂ ಮಾಲೆ ಹಾಕಿ ಹೋಗುವವರು ಬಹಳ, ಅವರಿಗೆ ಆ ಮೆಟ್ಟಿಲು ಇಡೀ ವ್ರತದ ಗುರಿ. ಗ್ರೂಪ್ ಫೋಟೋಕ್ಕೆ ಮೆಟ್ಟಿಲು ಅನುಕೂಲ ಎಂಬುದು ನಿಜ, ಹಿಂದಿನ ಸಾಲಿನ ತಲೆಗಳೂ ಕಾಣುತ್ತವೆ. ಶಾಲೆಯ ಹತ್ತನೆಯ ತರಗತಿಯ ಫೋಟೋದಿಂದ ಹಿಡಿದು ವಿಧಾನಸೌಧದ ಮುಂದಿನ, ಇನ್ನೂರು ಅಡಿ ಮೀರಿದ ಅಗಲದ ಮೆಟ್ಟಿಲಿನತನಕ ಇದು ನಡೆದು ಬಂದಿದೆ. ಆದರೆ ಎಲ್ಲ ಮೆಟ್ಟಿಲೂ ಸ್ಟೇಜಲ್ಲ.

ಮನೆಯ ಮೆಟ್ಟಿಲಿಗೆ ಬಂದರೆ ವಿಷಯ ಮತ್ತೆ ತುಂಬಿಕೊಳ್ಳುತ್ತದೆ. ಹಳೆಯ ಮಾಳಿಗೆ ಮನೆಗಳಲ್ಲಿ ಪಡಸಾಲೆಯ ಮೂಲೆಯಿಂದ ದಪ್ಪ ಗೋಡೆಯೊಳಗೇ ಕಲ್ಲಿನ ಪಾವಟಿಗೆಗಳು ಕತ್ತಲಲ್ಲಿ ಏರಿ, ಮೇಲೆ ಒಂದು ಚೌಕ ಬೆಳಕಿಗೆ ತೆರೆದುಕೊಳ್ಳುತ್ತವೆ. ಬಡವರ ಮನೆಗೆ ನಿಚ್ಚಣಿಕೆ. ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಗುತ್ತದೆ, ಶಾವಿಗೆ ಸಂಡಿಗೆ ಒಣಗುತ್ತವೆ, ಬೇಸಿಗೆಯಲ್ಲಿ ಮನೆಮಂದಿ ಮಲಗುತ್ತಾರೆ. ಆದ್ದರಿಂದ ಆ ಮೆಟ್ಟಿಲಿನ ಮೇಲೆ ಯಾವ ಹೊತ್ತಿಗೂ ಯಾರಾದರೂ ಏನನ್ನಾದರೂ ಹೊತ್ತಿರುತ್ತಾರೆ. ತೆಗೆಯುವುದು ಕಷ್ಟ: ಕೆಳಗೆ ಕತ್ತಲು, ಮೇಲೆ ಕಣ್ಣು ಕುಕ್ಕುವ ಬೆಳಕು. ಮೊಬೈಲಿನ ಪರದೆಯಲ್ಲಿ ಬೆಳಕಿನ ಚೌಕದ ಮೇಲೆ ಬೆರಳು ಒತ್ತಿ ಹಿಡಿದು ಎಕ್ಸ್‌ಪೋಶರ್ ಲಾಕ್ ಮಾಡಿ, ಹತ್ತುವವರು ಆ ಚೌಕಕ್ಕೆ ಅಡ್ಡ ಬರುವ ತನಕ ಕಾದರೆ ಮೆಟ್ಟಿಲಿನ ಅಂಚುಗಳಷ್ಟೇ ಬೆಳ್ಳಗೆ ಮೂಡಿ ಉಳಿದದ್ದು ಕಪ್ಪಾಗುತ್ತದೆ. ಹೊಸ ಆರ್‌ಸಿಸಿ ಮನೆಗಳ ಮೆಟ್ಟಿಲು ಹೊರಗೆ ಬಂದಿದೆ. ರೇಲಿಂಗ್ ಹಾಕಿಸಲು ದುಡ್ಡು ಸಾಲದೆ ಹಾಗೇ ಬಿಟ್ಟದ್ದು, ತುದಿಯಲ್ಲಿ ಮುಂದಿನ ಅಂತಸ್ತಿಗೆಂದು ಬಿಟ್ಟ ಕಬ್ಬಿಣದ ಸರಳುಗಳು, ಕೆಳಗಿನ ಸಂದಿಯಲ್ಲಿ ಬೈಕು, ನೀರಿನ ಡ್ರಮ್ಮು, ಗೊಬ್ಬರದ ಚೀಲ. ಒಂದು ಕುಟುಂಬ ಎಲ್ಲಿಯವರೆಗೆ ಬಂದಿದೆ, ಎಲ್ಲಿಗೆ ಹೋಗಬೇಕೆಂದಿದೆ ಎಂಬುದು ಆ ಒಂದು ಫೋಟೋದಲ್ಲಿ ಸಿಗುತ್ತದೆ. ಇದನ್ನು ಯಾರೂ ತೆಗೆಯುತ್ತಿಲ್ಲ.

ಸರ್ಕಾರಿ ಕಚೇರಿಗಳ ಮೆಟ್ಟಿಲುಗಳನ್ನು ದೂರಿನ ದಾಖಲೆಯಾಗಿಯೇ ತೆಗೆಯಬೇಕು. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಿಂದ ಇದೆ, ಸಾರ್ವಜನಿಕ ಕಟ್ಟಡಕ್ಕೆ ಇಳಿಜಾರು ದಾರಿ ಇರಲೇಬೇಕು. ಪಿಂಚಣಿಯ ಕಾಗದ ಹಿಡಿದ ಅಜ್ಜಿ ನಾಲ್ಕು ಮೆಟ್ಟಿಲಿನ ಬುಡದಲ್ಲಿ ಕೂತಿರುವ ಚಿತ್ರ, ಅವರ ಒಪ್ಪಿಗೆ ಪಡೆದು, ತಾರೀಕು ಹಾಕಿ ಅರ್ಜಿಯ ಜೊತೆ ಕೊಟ್ಟರೆ ಹತ್ತು ಭಾಷಣಕ್ಕಿಂತ ಕೆಲಸಕ್ಕೆ ಬರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಕೆಲಸದ ಮಾತು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಹಂಪಿಗೆ ಬಂದು ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಅಲ್ಲಿನ ಕಟ್ಟಡಗಳನ್ನು ಹಿಡಿದ. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಮತ್ತೆ ತೆಗೆದ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟಾಗ ಯಾವ ಕಲ್ಲು ಬಿದ್ದಿದೆ, ಯಾವುದನ್ನು ಎತ್ತಿ ನಿಲ್ಲಿಸಿದ್ದಾರೆ ಎಂಬುದು ಕಣ್ಣಿಗೆ ಕಟ್ಟಿತು. ಹಂಪಿಗೆ ಸಿಕ್ಕ ಆ ಭಾಗ್ಯ ಮಸ್ಕಿ ತಾಲ್ಲೂಕಿನ ಬಾವಿಗಳಿಗೆ ಯಾಕೆ ಸಿಗಬಾರದು? ಈಗ ಪ್ರತಿ ಮನೆಯಲ್ಲೂ ಕ್ಯಾಮೆರಾ ಇದೆ. ಸಂತೆಕಲ್ಲೂರು ಇದಕ್ಕೆ ತಕ್ಕ ಊರು. ಕೃಷಿಯನ್ನು ಕಂಡುಂಡು ಅದನ್ನು ಅಕ್ಷರಕ್ಕಿಳಿಸಿ ಹತ್ತೊಂಬತ್ತನೆಯ ಶತಮಾನದಲ್ಲೇ ‘ಕೃಷಿ ಜ್ಞಾನ ಪ್ರದೀಪಿಕೆ’ ಬರೆದ ಘನಮಠ ನಾಗಭೂಷಣ ಶಿವಯೋಗಿಗಳ ಊರಿದು. ಕಣ್ಣೆದುರಿನ ಬದುಕನ್ನು ದಾಖಲಿಸುವ ಪರಂಪರೆ ಇಲ್ಲಿ ಹೊಸದಾಗಿ ಹುಟ್ಟಬೇಕಾಗಿಲ್ಲ.

ಶಾಲೆಯ ಮಕ್ಕಳು, ಒಬ್ಬ ಮೇಷ್ಟರು ಸಾಕು. ಒಂದೊಂದು ಬಾವಿಗೆ ನಾಲ್ಕು ಫೋಟೋ: ದಂಡೆಯಿಂದ ಕೆಳಕ್ಕೆ, ನೀರಿನ ಮಟ್ಟದಿಂದ ಮೇಲಕ್ಕೆ, ಒಂದೇ ಪಾವಟಿಗೆಯ ಸವೆತ ಹತ್ತಿರದಿಂದ, ಮತ್ತು ಆ ಬಾವಿಯ ನೀರು ಹೊತ್ತ ಯಾರಾದರೂ ಹಿರಿಯರು ಅಲ್ಲಿ ಕೂತಿರುವಂತೆ. ನೀರಿನ ಮಟ್ಟದ ಫೋಟೋವನ್ನು ಮಕ್ಕಳಿಗೆ ಬಿಡಬಾರದು, ಈಜು ಬಲ್ಲ ದೊಡ್ಡವರು ಹಗ್ಗ ಹಿಡಿದು ತೆಗೆಯಬೇಕು. ಪ್ರತಿ ಫೋಟೋಕ್ಕೂ ಬಾವಿಯ ಹೆಸರು, ಯಾವ ದಿಕ್ಕಿನಿಂದ ತೆಗೆದದ್ದು, ತಾರೀಕು, ಕಾಣುವ ಮೆಟ್ಟಿಲುಗಳ ಎಣಿಕೆ. ಚೈತ್ರ ವೈಶಾಖದಲ್ಲಿ ನೀರು ತಳ ಕಂಡಾಗ ಶುರುಮಾಡುವುದು ಒಳ್ಳೆಯದು, ಕೆಳಗಿನ ಪಾವಟಿಗೆಗಳು ಹೊರಗೆ ಬರುವುದು ಆಗ ಮಾತ್ರ. ಹೂಳೆತ್ತುವ ಯಂತ್ರ ಬರುವುದಕ್ಕೆ ಮುಂಚೆ ಒಂದು ಸಲ, ಬಂದು ಹೋದ ಮೇಲೆ ಅದೇ ಜಾಗದಲ್ಲಿ ನಿಂತು ಇನ್ನೊಂದು ಸಲ ತೆಗೆದು, ಎರಡು ಪ್ರತಿ ಮಾಡಿ, ಒಂದನ್ನು ಪಂಚಾಯ್ತಿಯ ಗ್ರಂಥಾಲಯದಲ್ಲಿ, ಒಂದನ್ನು ಶಾಲೆಯಲ್ಲಿ ಇಡಬೇಕು.